ನುಚ್ಚಿಗೆ ಕೊಟ್ಟ ಕೂಸು

ಕಲ್ಲಣ್ಣ ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಲ್ಲಿ ನೀರಿನ ಬಟ್ಟಲನ್ನು ಇರಿಸಲು ಯತ್ನಿಸುತ್ತಿದ್ದ. ಬಿಡಿಸಿದಷ್ಟೂ ಮುದುಕಿಯ ಮುಷ್ಟಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಬಟ್ಟಲು ಓರೆಯಾಗಿ ನೀರು ಚೆಲ್ಲಿತು. ಚಾಪೆಯ ಅಂಚನ್ನು ತೋಯಿಸಿ, ಮಲಗಿಸಿದ್ದ ಶವದ ಹೆಗಲಿನವರೆಗೂ ಹರಿದು ನಿಂತಿತು.

"ಯವ್ವಾ, ಎರಡು ಹನಿ ಬಿಡು. ಹೆತ್ತಾಕಿ ಇರೂತನಕ ಬ್ಯಾರೇದವರು ಮೊದಲ ಬಿಡಾಕ ಬರೂದಿಲ್ಲ. ಮಂದಿ ನಿಂತಾರ ನೋಡು."

"ಹೆತ್ತಾಕೀನ್ನ ಕರೀರಿ ಹಂಗಾರ," ಎಂದಳು ಹುಚ್ಚವ್ವ.

"ಹೆತ್ತಾಕಿ ನೀನ ಅಲ್ಲೇನು?"

"ಅಂವ ನನ್ನ ಮಗ ಅಲ್ಲ."

ಅವಳ ದನಿಯಲ್ಲಿ ಕೋಪವಿರಲಿಲ್ಲ, ದುಃಖವೂ ಇರಲಿಲ್ಲ. ಬಾಗಿಲಿಗೆ ಬಂದವರಿಗೆ ಮನೆಯ ಯಜಮಾನ ಊರಲ್ಲಿಲ್ಲವೆಂದು ತಿಳಿಸುವಷ್ಟೇ ಸಹಜವಾಗಿ ಆ ಮಾತನ್ನು ಆಡಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯತ್ತ ಮುಖ ತಿರುಗಿಸಿದಳು.

ಬೆಟಗೇರಿಯ ನೇಕಾರರ ಓಣಿ ಅಂದು ಮೌನವಾಗಿತ್ತು. ತಿರಕಪ್ಪ ಬೆಳಗಿನ ಜಾವ ಗದಗಿನ ದವಾಖಾನೆಯಲ್ಲಿ ತೀರಿಕೊಂಡನೆಂಬ ಸುದ್ದಿ ಬಂದೊಡನೆ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಮನೆ ಪಾಲಾದಾಗಿನಿಂದ ಅವನು ಇದೇ ಓಣಿಯ ತುದಿಯಲ್ಲಿ ಬಾಡಿಗೆಯ ಕೋಣೆಯಲ್ಲಿ ಇದ್ದವನು. ತಾಯಿ ಅಲ್ಲಿಯವರೆಗೆ ನಡೆಯಲಾರಳೆಂದು, ಶವವನ್ನು ತಮ್ಮ ಕಲ್ಲಣ್ಣನ ಮನೆಯ ಮುಂದಿನ ಚಪ್ಪರಕ್ಕೆ, ಅಂದರೆ ತಿರಕಪ್ಪ ಹುಟ್ಟಿದ ಮನೆಯ ಅಂಗಳಕ್ಕೇ, ತಂದು ಮಲಗಿಸಿದ್ದರು. ಹಾಗೆ ತರಬೇಕೆಂದು ಹಟ ಹಿಡಿದವಳು ಅವನ ಮಗಳು ನೀಲಾ.

"ಮುದುಕಿಗೆ ಅರವು ಮರವು ಆಗೇತಿ ಬಿಡ್ರಿ," ಎಂದಳು ಒಬ್ಬಳು.

"ಏನ ಅರವು ಮರವು? ನಿನ್ನಿ ಸಂಜಿಗೆ ನನ್ನ ಕರದು, ನಿನ್ನ ಸೊಸಿ ಒಗದ ಸೀರಿ ಮಾಳಿಗಿ ಮ್ಯಾಲೆ ಹಾರಾಕತ್ತೇತಿ ಅಂದ್ಲು. ಎಲ್ಲಾ ನೆನಪ ಐತಿ ಆಕಿಗೆ."

ಓಣಿಯ ಹಿರಿಯನಾದ ಸಕ್ರಪ್ಪ ಕೈಯ ಕೋಲನ್ನು ನೆಲಕ್ಕೆ ಊರಿ ಕೇಳಿದ: "ಲಕ್ಷ್ಮೇಶ್ವರದ ಬೀಗರು ಎಲ್ಲಿದ್ದಾರ? ಹೊತ್ತು ಮುಳುಗೂದ್ರಾಗ ಎತ್ತಬೇಕಾಗೇತಿ. ಜಲ್ದಿ ಮಾಡ್ರಪಾ."

"ಬಸ್ಸಿನ್ಯಾಗ ಅದಾರಂತರಿ, ಶಿರಹಟ್ಟಿ ದಾಟ್ಯಾರಂತ. ಇನ್ನ ತಿರಕಪ್ಪಣ್ಣ ಯಾವತ್ತರೆ ಜಲ್ದಿ ಮಾಡ್ರಿ ಅಂದಾನೇನ್ರಿ? ಊಟಕ್ಕ ಕಡೀ ಪಂಕ್ತಿ, ಬಸ್ಸಿಗೆ ಕಡೀ ಸೀಟು. ಕಾಯ್ತಾನ ತಗೋರಿ," ಎಂದ ಗುಂಪಿನಲ್ಲೊಬ್ಬ.

ಕೆಲವರು ಸಣ್ಣಗೆ ನಕ್ಕರು. ಸತ್ತವನ ಹೆಂಡತಿ ಚೌಡವ್ವ ಶವದ ಕಾಲ ಬಳಿ ಕುಳಿತು, ಅವನ ಹೆಬ್ಬೆರಳುಗಳಿಗೆ ಕಟ್ಟಿದ್ದ ದಾರವನ್ನೇ ನೋಡುತ್ತಿದ್ದಳು. ಆ ನಗೆಯೂ ಅವಳನ್ನು ಮುಟ್ಟಲಿಲ್ಲ.

ನೀಲಾ ಕಂಬಕ್ಕೆ ಒರಗಿ ನಿಂತಿದ್ದಳು. ಹಿರೇವಡ್ಡಟ್ಟಿಯ ಶಾಲೆಯಲ್ಲಿ ಶಿಕ್ಷಕಿಯಾಗಿರುವ ಅವಳು ರಜೆ ಹಾಕಿ ಬಂದು ತಂದೆಯ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕದಲ್ಲಿಯೇ ಇದ್ದಳು. ಅಳು ಬಂದಿರಲಿಲ್ಲ. ಒಳಗೆ ಏನೋ ಹೆಪ್ಪುಗಟ್ಟಿ ನಿಂತಿತ್ತು. ಅದರ ಸುತ್ತ ಒಂದೇ ಒಂದು ಆಸೆ ಮಾತ್ರ ಎಚ್ಚರವಾಗಿತ್ತು. ಶವ ಅಂಗಳ ದಾಟುವ ಮೊದಲು ಆಯಿ, ಅಂದರೆ ಅಜ್ಜಿ ಹುಚ್ಚವ್ವ, ಅವನನ್ನು ಒಮ್ಮೆ ಮಗನೆಂದು ಒಪ್ಪಿಕೊಳ್ಳಬೇಕು. ಏಕೆಂದರೆ ತಂದೆ ಕಣ್ಣು ಮುಚ್ಚುವ ಮುನ್ನಾದಿನ ಕೇಳಿದ್ದ: "ಆಕಿ ಬಂದಿದ್ಲೇನವಾ?"

ಅವ್ವ ಎಂದಿರಲಿಲ್ಲ, ಆಕಿ ಎಂದಿದ್ದ. ಇಲ್ಲವೆಂದು ಮಗಳು ತಲೆಯಾಡಿಸಿದಾಗ, "ಬರೂದಿಲ್ಲ ಬಿಡು, ಆಕಿಗ್ಯಾಕ ತ್ರಾಸು," ಎಂದು ತಾನೇ ಸಮಾಧಾನ ಹೇಳಿ ಮಗ್ಗುಲಾಗಿದ್ದ.

*

ಹುಚ್ಚವ್ವನ ಒಡಲಲ್ಲಿ ಹುಟ್ಟಿದ ಮೊದಲ ಮೂರು ಕೂಸುಗಳು ತೊಟ್ಟಿಲು ಕಾಣುವ ಮೊದಲೇ ಮಣ್ಣು ಸೇರಿದ್ದವು. ನಾಲ್ಕನೆಯದು ಹುಟ್ಟಿದ ಮುಂಜಾನೆ ಅತ್ತೆ ಬಾಣಂತಿಯ ಬಾಯಿಗೆ ಕೈ ಅಡ್ಡ ಹಿಡಿದಳು.

"ಇದನ್ನ ನಂದು ಅನಬ್ಯಾಡ. ಮೂರು ಸರ್ತಿ ಅಂದಿ, ಮೂರು ಸರ್ತಿ ಅಂವ ಕೇಳಿಸಿಕೊಂಡ."

ಯಾರೆಂದು ಹುಚ್ಚವ್ವ ಕೇಳಬೇಕಾಗಿರಲಿಲ್ಲ. ಅವಳ ಹೆಸರೇ ಅದಕ್ಕೆ ಉತ್ತರವಾಗಿತ್ತು. ಅವಳೂ ಸತ್ತ ಕೂಸುಗಳ ಬೆನ್ನಿಗೆ ಹುಟ್ಟಿದವಳು. ಯಮನಿಗೆ ಬೇಡವೆನಿಸಲೆಂದು ಹಾಗೆ ಹೆಸರಿಟ್ಟು, ಅವಳ ತಾಯಿ ಅವಳನ್ನು ಒಂದು ದಿನವೂ ಮುದ್ದಿನಿಂದ ಕರೆಯದೆ ಸಾಕಿದ್ದಳು. ಹಾಗೆ ಸಾಕಿದ್ದರಿಂದಲೇ ತಾನು ಉಳಿದೆನೆಂಬುದು ಅವಳ ಪಾಲಿಗೆ ನಂಬಿಕೆಯಲ್ಲ, ಪ್ರತ್ಯಕ್ಷ ಪ್ರಮಾಣ.

ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಹೊರಗೆ ಇಟ್ಟರು. ಪಕ್ಕದ ಮನೆಯ ಜನ್ನತಬಿ ಮೊದಲೇ ಮಾತಾಡಿಕೊಂಡಂತೆ ಸೆರಗಿನಲ್ಲಿ ನುಚ್ಚು ಕಟ್ಟಿಕೊಂಡು ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಯಾರದವಾ ಈ ಕೂಸು?"

"ಯಾರದೋ ಏನೋ. ತಿಪ್ಪಿ ಮ್ಯಾಲೆ ಬಿದ್ದಿತ್ತು. ಬೇಕಾದ್ರ ಒಯ್ಯಿ," ಎಂದಳು ಅತ್ತೆ ಒಳಗಿನಿಂದ.

"ಒಂದು ಮುಷ್ಟಿ ನುಚ್ಚು ಕೊಡ್ತೇನಿ. ಆದ್ರ ನನ್ನ ಮನ್ಯಾಗ ಜಾಗ ಇಲ್ಲ. ನನ್ನ ಕೂಸು ನಿಮ್ಮಲ್ಲೇ ಇರ್ಲಿ."

ಹಾಗೆ, ತಿರಿದು ತಂದ ಕೂಸೆಂದು, ತಿರಕಪ್ಪನೆಂಬ ಹೆಸರಾಯಿತು. ಜನ್ನತಬಿ ತನ್ನ ಎಳೆಗೂಸು ಲಾಲಬಿಯ ಜೊತೆಗೆ ಅವನಿಗೂ ಕೆಲ ದಿನ ಮೊಲೆ ಕೊಟ್ಟಳು. ಅವನು ಮಾತು ಕಲಿತಾಗ ಜನ್ನತಬಿಯನ್ನು ಅವ್ವ ಎಂದೂ, ಹೆತ್ತವಳನ್ನು ಅಕ್ಕ ಎಂದೂ ಕರೆಯಬೇಕೆಂದು ಹೇಳಿಕೊಟ್ಟರು. ಮುಂದೆ ಅವನ ಮದುವೆಯ ಮುಂಜಾನೆ ಹುಚ್ಚವ್ವ ಮೊರದ ತುಂಬ ಜೋಳ ಒಯ್ದು, ಜನ್ನತಬಿಯ ಬಾಗಿಲಲ್ಲಿ ನಿಂತು, 'ನನ್ನ ಮಗನ್ನ ಕೊಡು' ಎಂದು ಬಾಯಿಬಿಟ್ಟು ಕೇಳಿ ತಿರುಗಿ ತರಬೇಕು. ಅಲ್ಲಿಯವರೆಗೆ ಅವನು ಪರರ ಸ್ವತ್ತು. ಮೃತ್ಯುವನ್ನು ವಂಚಿಸಲು ಹೂಡಿದ ಈ ಪುಟ್ಟ ನಾಟಕದಲ್ಲಿ, ಮೃತ್ಯುವಿನ ಕಿವಿಗೆಂದು ಆಡಿದ ಮಾತು ಕೂಸಿನ ಕಿವಿಗೂ ಬೀಳುತ್ತದೆಂಬುದನ್ನು ಯಾರೂ ಎಣಿಸಿರಲಿಲ್ಲ.

*

ನೀಲಾ ಅಜ್ಜಿಯ ಪಕ್ಕಕ್ಕೆ ಬಂದು ಕುಳಿತಳು.

"ಆಯಿ, ಅಪ್ಪ ಹೋಗ್ಯಾನ. ಇನ್ನ ಯಾರಿಗೆ ಅಂಜತಿ? ಒಯ್ಯಾಂವ ಒಯ್ದ."

ಹುಚ್ಚವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಒಮ್ಮೆ ಮಗ ಅನ್ನು ಸಾಕು. ನೀರು ಆಮ್ಯಾಲೆ ಯಾರರೆ ಬಿಡ್ಲಿ."

"ತಂಗೀ, ನನ್ನವು ಮೂರು ಹೋಗ್ಯಾವ," ಎಂದಳು ಮುದುಕಿ, ಗೋಡೆಯನ್ನು ನೋಡುತ್ತಲೇ. "ಇದೂ ನಂದು ಅಂದ್ರ ನಾಕು ಆಕ್ಕಾವ. ಅಂದಿಲ್ಲಂದ್ರ ಮೂರ ಇರ್ತಾವ."

ಆ ಲೆಕ್ಕದಲ್ಲಿ ತಪ್ಪೆಲ್ಲಿದೆಯೆಂದು ತೋರಿಸುವ ಶಕ್ತಿ ನೀಲಾಳಿಗಿರಲಿಲ್ಲ.

"ಲಾಲಬೀನ್ನ ಕರೀರಿ," ಎಂದಳು ಹುಚ್ಚವ್ವ. "ಅವರವ್ವ ನುಚ್ಚು ಕೊಟ್ಟು ಒಯ್ದ ಕೂಸದು. ನೀರು ಆಕಿ ಬಿಡ್ಲಿ. ಅದು ನ್ಯಾಯ."

ಚಪ್ಪರದಡಿ ಗುಸುಗುಸು ಎದ್ದಿತು. ಕಲ್ಲಣ್ಣ ಸಕ್ರಪ್ಪನ ಕಡೆಗೆ ತಿರುಗಿ, "ಲಾಲಬಿ ಮುಂಡರಗ್ಯಾಗ ಮಗಳ ಮನ್ಯಾಗ ಇದ್ಲು. ಖಬರ ಮುಟ್ಟೇತಿ, ಹೊಂಟಾಳ. ಆದ್ರ ತಾಯಿ ಇರೂತನಕ ಆಕೀ ಕೈಲೆ ಹೆಂಗ ಬಿಡಸೂದ್ರಿ?" ಎಂದ.

"ಏನ ಮಾಡ್ತಿ ಮಾಡು. ನಾ ಇಷ್ಟ ಮಣ್ಣು ಮಾಡೇನಿ, ಇಂಥಾದು ನೋಡಿಲ್ಲ," ಎಂದ ಸಕ್ರಪ್ಪ.

*

ಕಲ್ಲಣ್ಣ ಹುಟ್ಟುವ ಹೊತ್ತಿಗೆ ಹುಚ್ಚವ್ವನ ಭಯ ಸಡಿಲಗೊಂಡಿತ್ತು. ಹಿರಿಯವನ ಮೇಲೆ ನಿಂತ ಕಾವಲು ಕಿರಿಯವನನ್ನೂ ಕಾಯುವುದೆಂದು ಅವಳು ನಂಬಿದಳು. ಅವನ ನಡುವಿಗೆ ಬೆಳ್ಳಿಯ ಉಡಿದಾರ ಬಂದಿತು. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿ, ಅವನು ಉಣ್ಣುವುದನ್ನು ಕಣ್ತುಂಬ ನೋಡುತ್ತಿದ್ದಳು.

ತಿರಕಪ್ಪನಿಗೆ ತಾಟು ಇಟ್ಟೊಡನೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ಅವನು ಉಣ್ಣುವುದನ್ನು ನೋಡಿದರೆ ತನ್ನ ಕಣ್ಣೇ ಮುಳುವಾದೀತೆಂಬ ದಿಗಿಲು. ಆದರೆ ತಿರುಗುವ ಮುನ್ನ, ಯಾರ ಕಣ್ಣಿಗೂ ಬೀಳದಂತೆ, ಎರಡು ರೊಟ್ಟಿಗಳ ನಡುವೆ ಒಂದು ಮುದ್ದೆ ಬೆಣ್ಣೆಯನ್ನು ಅಡಗಿಸಿಡುತ್ತಿದ್ದಳು. ಕಿರಿಯವನಿಗೆ ಹಚ್ಚುತ್ತಿದ್ದುದಕ್ಕಿಂತ ಆ ಮುದ್ದೆ ದೊಡ್ಡದಾಗಿರುತ್ತಿತ್ತು. ಉಂಡು ಎದ್ದ ತಾಟು ಬರಿದಾಗಿರುತ್ತಿತ್ತು. ಅವಳ ಮಾತೃತ್ವವೆಲ್ಲ ಆ ಬರಿದಾದ ತಾಟನ್ನು ಬೆಳಗುವಾಗ ತೃಪ್ತವಾಗುತ್ತಿತ್ತು. ಬಾಯಿಂದ ಹೇಳಲಾಗದ್ದು ಅವನ ಹೊಟ್ಟೆಗಾದರೂ ಸೇರಿತೆಂದು ಶಿವನಿಗೆ ಮನಸ್ಸಿನಲ್ಲಿಯೇ ಕೈಮುಗಿಯುತ್ತಿದ್ದಳು.

ಮದುವೆಯ ಮುಂಜಾನೆ ಮೊರದ ತುಂಬ ಜೋಳ ತುಂಬಿ, ಮೇಲೆ ಹೊಸ ಖಣ ಮುಚ್ಚಿ, ಅವಳು ಜನ್ನತಬಿಯ ಬಾಗಿಲಿಗೆ ಹೋದದ್ದು ನಿಜ. ಮೈಗೆಲ್ಲ ಅರಿಸಿಣ ಹಚ್ಚಿಸಿಕೊಂಡ ತಿರಕಪ್ಪ ಇದೇ ಮನೆಯ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದ. ಜನ್ನತಬಿ ನಗುತ್ತ ಬಾಗಿಲಿಗೆ ಅಡ್ಡ ನಿಂತಳು.

"ಬಾಯಿ ಬಿಟ್ಟು ಕೇಳು ಹುಚ್ಚವ್ವಾ. ನನ್ನ ಮಗನ್ನ ಕೊಡು ಅನ್ನು, ಕೊಡ್ತೇನಿ."

ಹುಚ್ಚವ್ವನ ಬಾಯಿ ತೆರೆಯಿತು, ನಾಲಗೆ ಏಳಲಿಲ್ಲ. 'ನನ್ನ ಮಗ' ಎಂಬ ಆ ಎರಡು ಶಬ್ದಗಳನ್ನು ಅವಳು ಹಿಂದೆ ಮೂರು ಬಾರಿ ಉಚ್ಚರಿಸಿದ್ದಳು.

"ಇರ್ಲಿ ಜನ್ನತಬಿ. ಅವಗೊಂದು ಕೂಸಾಗ್ಲಿ. ಆಮ್ಯಾಲೆ ಒಯ್ತೇನಿ."

ತುಂಬಿದ ಮೊರವನ್ನು ಹಾಗೆಯೇ ಹೊತ್ತು ಅವಳು ಮರಳಿದಳು. ಜಗಲಿಯ ಮೇಲಿದ್ದ ಮದುಮಗ ಮೊರವನ್ನು ನೋಡಿದ, ಅವಳ ಮುಖವನ್ನು ನೋಡಿದ, ಆಮೇಲೆ ಎದ್ದು ಅವಳಿಗೆ ದಾರಿ ಬಿಟ್ಟ. ನೀಲಾ ಹುಟ್ಟುವ ಮುನ್ನವೇ ಜನ್ನತಬಿ ತೀರಿಕೊಂಡಳು. ಕೇಳಬೇಕಾಗಿದ್ದ ಬಾಗಿಲೇ ಇಲ್ಲವಾಯಿತು.

ಮನೆ ಪಾಲಾದಾಗ ತಿರಕಪ್ಪ, "ನನಗೇನು ಹಕ್ಕೈತಿ ಇಲ್ಲಿ?" ಎಂದು ಟ್ರಂಕು ಎತ್ತಿಕೊಂಡು ಹೊರಟಿದ್ದ. ಅದನ್ನು ಓಣಿಯವರು ವೈರಾಗ್ಯವೆಂದರು. ಸ್ವಂತ ಮಗ್ಗ ಹೂಡೆಂದರೆ, "ಕೂಲಿ ಮಗ್ಗ ಸಾಕ್ರಿ" ಎನ್ನುತ್ತಿದ್ದ, ಅದನ್ನು ವಿನಯವೆಂದರು. ಮದುವೆಮನೆಗಳಲ್ಲಿ ಬಡಿಸುವವರೊಡನೆ ಕೊನೆಯಲ್ಲಿ ಉಣ್ಣುತ್ತಿದ್ದ, ಸಾಧು ಎಂದರು. ಹೊಗಳಿಕೆ ಹೆಚ್ಚಿದಂತೆಲ್ಲ ಅವನು ಇನ್ನಷ್ಟು ಹಿಂದೆ ಸರಿದು ನಿಂತ. ಒಮ್ಮೆ ಬಾಲೆಯಾಗಿದ್ದ ನೀಲಾ ಅವನ ಅಂಗಿ ಜಗ್ಗಿ, "ಅಪ್ಪಾ, ಮುಂದ ಕುಂಡ್ರು ನಡಿ, ಎಲಿ ಖಾಲಿ ಐತಿ," ಎಂದಿದ್ದಳು. "ಅದು ಮನಿಯವರಿಗವಾ," ಎಂದಿದ್ದ ಅವನು. ಅದು ಅವನ ಸ್ವಂತ ತಮ್ಮನ ಮದುವೆ.

*

ಲಾಲಬಿ ಬಂದಾಗ ಬಿಸಿಲು ಚಪ್ಪರದ ಕೆಳಗೆ ಓರೆಯಾಗಿ ನುಗ್ಗಿತ್ತು. ಅಂದು ಆ ಅಂಗಳದಲ್ಲಿ ದನಿಯೆತ್ತಿ ಅತ್ತವಳು ಅವಳೊಬ್ಬಳೇ.

"ಯಣ್ಣಾ, ನನ್ನ ಬಿಟ್ಟು ಹೊಂಟ್ಯೇನೋ! ಮೊನ್ನೆ ಫೋನಿನ್ಯಾಗ ಆರಾಮ ಅದೇನಿ ಅಂದ್ಯಲ್ಲೋ, ಸುಳ್ಳ ಬುರುಕಾ!"

ಚೌಡವ್ವ ಅವಳ ಹೆಗಲಿಗೆ ಒರಗಿದಳು; ಅಳಲಿಲ್ಲ. ಕಲ್ಲಣ್ಣ ಬಟ್ಟಲನ್ನು ತಂದು ಲಾಲಬಿಯ ಮುಂದೆ ಹಿಡಿದು ಸಂಗತಿಯನ್ನು ತಿಳಿಸಿದ. ಲಾಲಬಿ ಕಣ್ಣೊರೆಸಿಕೊಂಡು ಮುದುಕಿಯತ್ತ ಸರಿದಳು.

"ಚಿಗವ್ವಾ, ಏನ ಮಾತಿದು? ಹೆತ್ತಾಕಿ ನೀನು ಕುಂತಿರಾಕ ನಾ ಹೆಂಗ ಬಿಡ್ಲಿ?"

"ನಾ ತಿರುಗಿ ತಂದಿಲ್ಲ. ನಿಮ್ಮವ್ವನ ಬಾಗಲದಾಗ ನನ್ನ ಬಾಯಿ ಬರಲಿಲ್ಲ. ಅಂವ ನಿಮ್ಮಂವ."

"ನಮ್ಮಂವ ಖರೆ. ನಮ್ಮವ್ವನ ಹಾಲು ಕುಡದಂವ. ಹಂಗಂತ ನೀ ಏನೂ ಅಲ್ಲೇನು?"

"ನೀರು ಬಿಡವಾ. ಹೊತ್ತಾಗಾಕತ್ತೇತಿ."

ಲಾಲಬಿ ನಿಟ್ಟುಸಿರಿಟ್ಟು ಬಟ್ಟಲನ್ನು ತೆಗೆದುಕೊಂಡಳು. ಆದರೆ ಶವದ ಕಡೆಗೆ ತಿರುಗುವ ಬದಲು, ಸತ್ತವನ ಗುಣವನ್ನು ನೆನೆಯದೆ ನೀರು ಬಿಡಲು ಮನಸ್ಸಾಗದವಳಂತೆ, ಸುತ್ತಲಿನ ಹೆಂಗಸರನ್ನು ಉದ್ದೇಶಿಸಿ ಹೇಳತೊಡಗಿದಳು.

"ಎಂಥಾ ನಿಯತ್ತಿನಂವ ಗೊತ್ತೇನ್ರವಾ ನಮ್ಮಣ್ಣ? ಸಣ್ಣಂವ ಇದ್ದಾಗಿನ ಮಾತು. ನಮ್ಮ ಮನಿಗೆ ಓಡಿ ಬಂದು ನಮ್ಮವ್ವನ ಮುಂದ ಹೇಳ್ತಿದ್ದ: 'ಯವ್ವಾ, ಅಕ್ಕಗ ಕಣ್ಣು ಚಲೋ ಕಾಣೂದಿಲ್ಲ. ಕಲ್ಲಣ್ಣನ ಬೆಣ್ಣಿ ಮರತು ನನ್ನ ರೊಟ್ಟಿ ಬುಡಕ ಇಟ್ಟಬಿಡ್ತಾಳ. ಆಕಿ ಮಾರಿ ತಿರುವಿದಾಗ ನಾ ತಗದು ಅವನ ತಾಟಿನ್ಯಾಗ ಹಾಕ್ತೇನಿ.' ನಮ್ಮವ್ವ, ತಿನ್ನೋ ಮಗನ, ಅದು ನಿಂದ ಅಂದ್ಲು. ಒಲ್ಲೆ ಅಂದ. ಬ್ಯಾರೇದವರದು ನನಗ್ಯಾಕ ಅಂದ."

ಅಳುವಿನ ನಡುವೆಯೇ ಅವಳು ನಕ್ಕಳು. ಒಂದಿಬ್ಬರು ಹೆಂಗಸರೂ ನಕ್ಕು, "ಮೊದಲಿಂದ ಹಂಗ ಇದ್ದ ಬಿಡು, ದೇವರಂಥಾಂವ," ಎಂದರು. ಕಲ್ಲಣ್ಣ ಮಾತ್ರ ನಗಲಿಲ್ಲ. ಅವನು ತಲೆ ತಗ್ಗಿಸಿದ್ದ. ನೀಲಾಳ ದೃಷ್ಟಿ ಕಾಕಾನಿಂದ ಆಯಿಯ ಕಡೆಗೆ ಸರಿಯಿತು.

ಹುಚ್ಚವ್ವ ಗೋಡೆಯಿಂದ ಮುಖ ತಿರುಗಿಸಿದ್ದಳು.

"ಏನಂದಿ?"

"ಬೆಣ್ಣೀದು, ಚಿಗವ್ವಾ. ಕಲ್ಲಣ್ಣಗ ಹಾಕ್ತಿದ್ನಂತ."

"ಯಾವಾಗರೆ ಒಮ್ಮೆ?"

"ದಿನಾ ಅಂತಿದ್ದ."

"ದಿನಾ," ಎಂದಳು ಹುಚ್ಚವ್ವ.

ಲಕ್ಷ್ಮೇಶ್ವರದ ಬೀಗರು ಇದೇ ಹೊತ್ತಿಗೆ ಬಂದು ಚಪ್ಪಲಿ ಬಿಟ್ಟು ಅಂಗಳದ ಅಂಚಿನಲ್ಲಿ ನಿಂತರು. ಮುದುಕಿ ಎರಡೂ ಅಂಗೈಗಳನ್ನು ನೆಲಕ್ಕೂರಿ ಮುಂದಕ್ಕೆ ಸರಿದಳು. ಎತ್ತಿ ಕೂರಿಸಲು ಬಂದ ಕಲ್ಲಣ್ಣನ ಕೈಯನ್ನು ಮೊಣಕೈಯಿಂದ ದೂಡಿದಳು. ತೆವಳುತ್ತ, ನಿಂತು ಉಸಿರು ತೆಗೆದುಕೊಳ್ಳುತ್ತ, ಮತ್ತೆ ತೆವಳುತ್ತ ಶವದ ತಲೆಯ ಬಳಿಗೆ ಬಂದಳು.

"ಮಾರಿ ತಗೀರಿ," ಎಂದಳು.

ಚೌಡವ್ವ ಹೊದಿಕೆಯ ಬಟ್ಟೆಯನ್ನು ಗಲ್ಲದವರೆಗೆ ಸರಿಸಿದಳು. ಹುಚ್ಚವ್ವ ಬಾಗಿ ನೋಡಿದಳು. ನರೆತ ಕುರುಚಲು ಗಡ್ಡ, ಒಳಗೆ ಬಿದ್ದ ಕೆನ್ನೆ, ಮೂಗಿನ ಪಕ್ಕದ ಗೆರೆ. ಓದು ಬಾರದವಳು ಶಿಲಾಶಾಸನದ ಮುಂದೆ ಕುಳಿತಂತೆ ಅವಳ ಕಣ್ಣು ಆ ಮುಖದ ಮೇಲೆ ಮೆಲ್ಲಗೆ, ಒಂದೆಡೆಯಿಂದ ಇನ್ನೊಂದೆಡೆಗೆ ಚಲಿಸಿತು. ಸಕ್ರಪ್ಪ ಒಮ್ಮೆ ಕೆಮ್ಮಿದ. ಅವಸರಪಡಿಸುವ ಧೈರ್ಯ ಅವನಿಗಾಗಲಿಲ್ಲ.

ಲಾಲಬಿ ಬಟ್ಟಲನ್ನು ಚಾಚಿದಳು. ಹುಚ್ಚವ್ವ ಬೆರಳು ಅದ್ದಿ ಮಗನ ತುಟಿಗಳ ನಡುವೆ ಎರಡು ಹನಿ ಬಿಟ್ಟಳು. ಆಮೇಲೆ ಲಾಲಬಿಯ ಕೈಯನ್ನು ಹಿಡಿದು, ಅವಳಿಂದಲೂ ಬಿಡಿಸಿದಳು. ಚೌಡವ್ವ ಬಿಟ್ಟಳು, ನೀಲಾ ಬಿಟ್ಟಳು, ಕಲ್ಲಣ್ಣ ಬಿಟ್ಟ. ಕಾರ್ಯ ಮುಗಿಯಿತೆಂದು ಸಕ್ರಪ್ಪ ಚಟ್ಟ ಎತ್ತುವವರಿಗೆ ಸನ್ನೆ ಮಾಡಿದ. ನಾಲ್ವರು ಟವೆಲ್ಲು ಸುತ್ತಿಕೊಂಡು ಮುಂದೆ ಬಂದರು.

ಮುದುಕಿ ಏಳಲಿಲ್ಲ.

ಸತ್ತವನ ತಲೆಯ ಬಳಿ ಮುಂಜಾನೆಯಿಂದ ಹಣತೆಯೊಂದು ಉರಿಯುತ್ತಿತ್ತು. ಅವಳು ಕೈ ಚಾಚಿ, ಹಣತೆಯ ಅಂಚಿಗೆ ಕಟ್ಟಿದ್ದ ಕಾಡಿಗೆಯನ್ನು ಬೆರಳ ತುದಿಗೆ ತೆಗೆದುಕೊಂಡಳು. ಜ್ವಾಲೆ ಬೆರಳಿಗೆ ತಾಗಿರಬೇಕು, ಅವಳು ಹಿಂದೆಗೆಯಲಿಲ್ಲ. ಇನ್ನೊಂದು ಕೈಯಿಂದ ಗಲ್ಲ ಹಿಡಿದು ಮುಖವನ್ನು ಕೊಂಚ ವಾಲಿಸಿ, ಎಡಗೆನ್ನೆಯ ನಡುವೆ ದುಂಡಗೆ ಒತ್ತಿದಳು. ತುಸು ಹಿಂದೆ ಸರಿದು, ಚಿಕ್ಕದಾಯಿತೆನಿಸಿತೋ ಏನೋ, ಮತ್ತೊಮ್ಮೆ ಕಾಡಿಗೆ ತೆಗೆದು ಅದರ ಮೇಲೆಯೇ ಇಟ್ಟು ದೊಡ್ಡದು ಮಾಡಿದಳು.

"ಮಂದಿ ಭಾಳ ಕೂಡ್ಯಾರ," ಎಂದಳು. "ಎಲ್ಲಾರ ಕಣ್ಣೂ ಒಂದ ಥರಾ ಇರೂದಿಲ್ಲ."

ಆಮೇಲೆ ಎತ್ತುವವರಿಗೆ ಜಾಗ ಬಿಟ್ಟು ಸರಿದು ಕುಳಿತಳು.

ಚಟ್ಟ ಏಳುತ್ತಿದ್ದಂತೆ ಓಣಿಯ ಎರಡೂ ಬದಿಯಿಂದ ಗುಲಾಲು ಬಿತ್ತು. ಸತ್ತವನ ಹಣೆ, ಮೂಗು, ಗಡ್ಡ ಎಲ್ಲವೂ ಗುಲಾಬಿ ಬಣ್ಣದಲ್ಲಿ ಮುಚ್ಚಿಹೋದವು. ಹೆಗಲು ಕೊಟ್ಟವರ ಹಿಂದೆ ನಡೆಯುತ್ತಿದ್ದ ನೀಲಾಳಿಗೆ, ಓಣಿಯ ತಿರುವಿನಲ್ಲಿ ಚಟ್ಟ ವಾಲಿದಾಗ, ತಂದೆಯ ಕೆನ್ನೆ ಕಾಣಿಸಿತು: ಗುಲಾಲಿನ ಧೂಳಿನ ಕೆಳಗಿನಿಂದ, ಎಣ್ಣೆಗೆ ಹೊಳೆಯುತ್ತ, ತೊಟ್ಟಿಲ ಕೂಸಿಗೆ ಇಡುವಷ್ಟೇ ದುಂಡಗಿನ ಕಪ್ಪು ಬೊಟ್ಟು.